ಎರಡು ಗಾಳಿಗಳು ಕೂಡುವ ಬಯಲು

ವಾಚಕರು ಉತ್ತರ ಅಮೆರಿಕದ ಭೂಪಟವೊಂದನ್ನು ಮುಂದಿರಿಸಿಕೊಂಡು ಅದರ ನಡುಭಾಗದ ಮೇಲೆ ಬೆರಳಿಡಲಿ. ಪಶ್ಚಿಮದಲ್ಲಿ ರಾಕಿ ಪರ್ವತಶ್ರೇಣಿ, ಪೂರ್ವದಲ್ಲಿ ಅಪಲೇಚಿಯನ್ ಬೆಟ್ಟಗಳು, ಇವೆರಡರ ನಡುವೆ ವಿಶಾಲವಾದ ಬಯಲು. ಈ ಬಯಲಿನಲ್ಲಿ ಮಿಸಿಸಿಪಿ ನದಿಯ ಪಶ್ಚಿಮ ದಡಕ್ಕೆ ತಾಗಿದಂತೆ ಅಯೋವಾ ರಾಜ್ಯವಿದೆ. ಅದರ ಪೂರ್ವಭಾಗದಲ್ಲಿ ಬೆಂಟನ್ ಎಂಬ ಕೌಂಟಿಯೊಂದುಂಟು. ಕೌಂಟಿಯೆಂದರೆ ಆಡಳಿತದ ಒಂದು ವಿಭಾಗ. ನಮ್ಮ ಕಡೆಯ ದೊಡ್ಡದೊಂದು ತಾಲ್ಲೂಕಿಗೆ ಅದನ್ನು ಹೋಲಿಸಬಹುದು. ಬೆಂಟನ್ನಿನ ವಿಸ್ತಾರ ಸುಮಾರು 1,860 ಚದರ ಕಿಲೋಮೀಟರು. 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 25,000ಕ್ಕೆ ತುಸು ಹೆಚ್ಚು. ಮುಖ್ಯ ಪಟ್ಟಣವಾದ ವಿಂಟನ್ನಿನ ಮಗ್ಗುಲಲ್ಲೇ ಸೀಡರ್ ನದಿ ಹರಿಯುತ್ತದೆ. ಉಳಿದಂತೆ ಎತ್ತ ನೋಡಿದರೂ ಹೊಲ. ಹೊಲದ ತುಂಬ ಮುಸುಕಿನ ಜೋಳ, ಇಲ್ಲವೆ ಸೋಯಾ ಅವರೆ.

ಇಂಥದೊಂದು ಹಳ್ಳಿಗಾಡಿನ ಹವೆಯಲ್ಲಿ ಕೌತುಕವೇನಿದೆ ಎಂದು ಯಾರಾದರೂ ಕೇಳಬಹುದು. ಭೂಮಿಯ ಮೇಲಿನ ಅತ್ಯಂತ ಸಮೃದ್ಧವಾದ ಕೃಷಿಭೂಮಿಗಳಲ್ಲಿ ಇದೂ ಒಂದು; ಅತ್ಯಂತ ಉಗ್ರವಾದ ಹವೆಯನ್ನು ಕಾಣುವ ನೆಲಗಳಲ್ಲಿಯೂ ಇದು ಒಂದು. ಈ ಸಮೃದ್ಧಿ ಮತ್ತು ಈ ಉಗ್ರತೆ ಬೇರೆ ಬೇರೆ ಮೂಲಗಳಿಂದ ಬಂದವಲ್ಲ. ಎರಡಕ್ಕೂ ಕಾರಣ ಒಂದೇ. ಆ ಕಾರಣ ಯಾವುದೆಂಬುದನ್ನು ವರ್ಷದ ನಾಲ್ಕು ಋತುಗಳ ಮೂಲಕ ನೋಡುವುದು ಈ ಲೇಖನದ ಉದ್ದೇಶ. ಉಷ್ಣತೆಯನ್ನೆಲ್ಲ ಸೆಂಟಿಗ್ರೇಡ್ ಮಾನದಲ್ಲಿ ಕೊಟ್ಟಿದ್ದೇವೆ.

ಸಮುದ್ರದಿಂದ ದೂರ, ತಡೆಗೋಡೆಯಿಲ್ಲದ ನೆಲ

ವಿಂಟನ್ ಪಟ್ಟಣ ಉತ್ತರ ಅಕ್ಷಾಂಶ 42 ಡಿಗ್ರಿಯ ಮೇಲಿದೆ. ಇಟಲಿಯ ರೋಮ್ ನಗರವೂ ಹೆಚ್ಚು ಕಡಿಮೆ ಅದೇ ಅಕ್ಷಾಂಶದಲ್ಲಿದೆ. ವರ್ಷದ ಯಾವ ದಿನವೇ ಆಗಲಿ, ಮಧ್ಯಾಹ್ನದ ಸೂರ್ಯ ಎರಡು ಊರುಗಳಲ್ಲಿಯೂ ಆಕಾಶದಲ್ಲಿ ಸರಿಸುಮಾರು ಅಷ್ಟೇ ಎತ್ತರಕ್ಕೆ ಏರುತ್ತಾನೆ. ಆದರೂ ಜನವರಿಯಲ್ಲಿ ರೋಮಿನ ಸರಾಸರಿ ಉಷ್ಣತೆ ಸೊನ್ನೆಗಿಂತ 7–8 ಡಿಗ್ರಿ ಮೇಲಿದ್ದರೆ, ವಿಂಟನ್ನಿನಲ್ಲಿ ಅದು ಸೊನ್ನೆಗಿಂತ ಸುಮಾರು 7 ಡಿಗ್ರಿ ಕೆಳಗಿರುತ್ತದೆ. ಒಂದೇ ಸೂರ್ಯ, ಒಂದೇ ಕೋನ. ಚಳಿಯಲ್ಲಿ ಮಾತ್ರ ಇಷ್ಟು ಅಂತರವೇಕೆ?

ಉತ್ತರ ನೀರಿನ ಗುಣದಲ್ಲಿದೆ. ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ನೆಲವಾದರೋ ಬೇಗ ಕಾದು ಬೇಗ ಆರುತ್ತದೆ. ರೋಮಿನ ಬಳಿಯಲ್ಲಿ ಮೆಡಿಟರೇನಿಯನ್ ಸಮುದ್ರವಿದೆ. ಬೇಸಿಗೆಯಲ್ಲಿ ಕೂಡಿಟ್ಟುಕೊಂಡ ಶಾಖವನ್ನು ಆ ಸಮುದ್ರ ಚಳಿಗಾಲದಲ್ಲಿ ಸ್ವಲ್ಪ ಸ್ವಲ್ಪವಾಗಿ ದಡಕ್ಕೆ ಹಂಚುತ್ತದೆ. ಬೆಂಟನ್ ಕೌಂಟಿಗೆ ಇಂಥ ನೆರೆಯ ಉಪಕಾರವಿಲ್ಲ. ದಕ್ಷಿಣದಲ್ಲಿರುವ ಮೆಕ್ಸಿಕೋ ಕೊಲ್ಲಿ ಅಲ್ಲಿಗೆ ಸುಮಾರು 1,400 ಕಿಲೋಮೀಟರು ದೂರ. ಪೂರ್ವದ ಅಟ್ಲಾಂಟಿಕ್ ಸಾಗರವೂ ಹತ್ತಿರವೇನಲ್ಲ. ಪಶ್ಚಿಮದ ಪೆಸಿಫಿಕ್ ಸಾಗರದಿಂದ ಹೊರಟ ಗಾಳಿ ರಾಕಿ ಪರ್ವತಗಳನ್ನು ಏರಿ ಇಳಿಯುವುದರೊಳಗೆ ತನ್ನ ತೇವದ ಬಹುಭಾಗವನ್ನು ಅಲ್ಲೇ ಸುರಿದುಬಿಟ್ಟಿರುತ್ತದೆ.

ಇದಕ್ಕಿಂತಲೂ ಮುಖ್ಯವಾದ ಸಂಗತಿ ಇನ್ನೊಂದುಂಟು. ಉತ್ತರ ಅಮೆರಿಕದ ದೊಡ್ಡ ಪರ್ವತಶ್ರೇಣಿಗಳು ಬಹುಮಟ್ಟಿಗೆ ಉತ್ತರದಕ್ಷಿಣವಾಗಿ ಹಬ್ಬಿವೆ. ನಮ್ಮ ದೇಶದ ಉತ್ತರಕ್ಕೆ ಹಿಮಾಲಯ ಪೂರ್ವಪಶ್ಚಿಮವಾಗಿ ಅಡ್ಡ ನಿಂತು ಮಧ್ಯ ಏಷ್ಯದ ಚಳಿಗಾಳಿಯನ್ನು ತಡೆಯುತ್ತದೆಯಷ್ಟೆ. ಅಂಥ ಗೋಡೆ ಅಲ್ಲಿ ಇಲ್ಲ. ಉತ್ತರ ಧ್ರುವದ ಸೆರಗಿನಿಂದ ಮೆಕ್ಸಿಕೋ ಕೊಲ್ಲಿಯವರೆಗೂ ನೆಲ ತೆರೆದ ಅಂಗಳದಂತೆ ಬಿದ್ದಿದೆ. ಉತ್ತರದಿಂದ ಶುಷ್ಕವಾದ ತಣ್ಣನೆಯ ಗಾಳಿಯೂ ದಕ್ಷಿಣದಿಂದ ನೀರಾವಿ ತುಂಬಿದ ಬೆಚ್ಚನೆಯ ಗಾಳಿಯೂ ಯಾವ ಅಡ್ಡಿಯೂ ಇಲ್ಲದೆ ಬಂದು ಈ ಅಂಗಳದ ನಡುವೆ ಕೂಡುತ್ತವೆ. ಬೆಂಟನ್ ಕೌಂಟಿಯ ಹವೆಯ ಕಥೆಯೆಲ್ಲ ಈ ಎರಡು ಗಾಳಿಗಳ ಕಥೆಯೇ ಆಗಿದೆ.

ಚಳಿಗಾಲ: ಉತ್ತರದ ಗಾಳಿಯ ಆಳ್ವಿಕೆ

ಡಿಸೆಂಬರಿನಿಂದ ಫೆಬ್ರವರಿಯವರೆಗೆ ಉತ್ತರದ ಗಾಳಿಯದೇ ಮೇಲುಗೈ. ಕೆನಡಾದ ಉತ್ತರಭಾಗದಲ್ಲಿ ಆಗ ದೀರ್ಘವಾದ ರಾತ್ರಿಗಳು. ಹಿಮದ ಹೊದಿಕೆ ಸೂರ್ಯನ ಅಲ್ಪಸ್ವಲ್ಪ ಬೆಳಕನ್ನೂ ಹಿಂದಕ್ಕೆ ಪ್ರತಿಫಲಿಸುತ್ತದೆ. ನೆಲ ತನ್ನಲ್ಲಿರುವ ಶಾಖವನ್ನು ಎಡೆಬಿಡದೆ ಆಕಾಶಕ್ಕೆ ಸೂಸುತ್ತಿರುತ್ತದೆ. ಹೀಗೆ ತಣ್ಣಗಾದ ಗಾಳಿ ಸಾಂದ್ರವೂ ಭಾರವೂ ಆಗಿ, ಕಟ್ಟೆಯೊಡೆದ ಕೆರೆಯ ನೀರು ತಗ್ಗಿಗೆ ಹರಿಯುವಂತೆ ದಕ್ಷಿಣದ ಬಯಲಿಗೆ ಹರಿಯುತ್ತದೆ. ಬೆಳಿಗ್ಗೆ ಹಿಮ ಕರಗಿ ಹನಿಯುತ್ತಿದ್ದ ಊರಿನಲ್ಲಿ ಸಂಜೆಯೊಳಗಾಗಿ ಉಷ್ಣತೆ ಹದಿನೈದು ಇಪ್ಪತ್ತು ಡಿಗ್ರಿ ಇಳಿದುಬಿಡಬಹುದು.

2019ನೆಯ ಇಸವಿಯ ಜನವರಿ 31ರಂದು ಹೀಗೆ ಬಂದ ಚಳಿಯಲ್ಲಿ, ಬೆಂಟನ್ನಿನಿಂದ ಪೂರ್ವಕ್ಕೆ ಸುಮಾರು 170 ಕಿಲೋಮೀಟರು ದೂರದ ಮೌಂಟ್ ಕ್ಯಾರೊಲ್ ಎಂಬ ಊರಿನಲ್ಲಿ ಉಷ್ಣತೆ ಸೊನ್ನೆಗಿಂತ 39 ಡಿಗ್ರಿ ಕೆಳಗಿಳಿಯಿತು. ಇಲಿನಾಯ್ ರಾಜ್ಯದಲ್ಲಿ ಅದುವರೆಗೆ ದಾಖಲಾದ ಚಳಿಗಳಲ್ಲೆಲ್ಲ ಅದೇ ಅತಿ ಕಠಿಣವಾದದ್ದು. ಅಯೋವಾ ರಾಜ್ಯದ ದಾಖಲೆಗಳನ್ನು ನೋಡಿದರೆ, 1996ರ ಫೆಬ್ರವರಿ 3ರಂದು ಎಲ್ಕೇಡರ್ ಎಂಬಲ್ಲಿ ಸೊನ್ನೆಗಿಂತ 44 ಡಿಗ್ರಿ ಕೆಳಗೆ. 1934ರ ಜುಲೈ 20ರಂದು ಕಿಯೋಕಕ್ ಎಂಬಲ್ಲಿ ಸೊನ್ನೆಗಿಂತ 48 ಡಿಗ್ರಿ ಮೇಲೆ. ಒಂದೇ ರಾಜ್ಯದೊಳಗೆ ತೊಂಬತ್ತು ಡಿಗ್ರಿಗೂ ಮಿಕ್ಕ ಅಂತರ! 1936ರಲ್ಲಂತೂ ಅಲ್ಲಿನ ಜನ ಅತ್ಯಂತ ಕಠಿಣವಾದ ಚಳಿಯನ್ನೂ ಅತ್ಯಂತ ದಾರುಣವಾದ ಬೇಗೆಯನ್ನೂ ಆರು ತಿಂಗಳೊಳಗಾಗಿ ಕಂಡರು.

ಈ ಚಳಿ ಬರಿಯ ಕಷ್ಟವಲ್ಲ. ಸಾವಿರಾರು ವರ್ಷ ಈ ಬಯಲಿನಲ್ಲಿ ಆಳವಾಗಿ ಬೇರುಬಿಡುವ ಎತ್ತರದ ಹುಲ್ಲು ಬೆಳೆಯುತ್ತಿತ್ತು. ವರ್ಷ ವರ್ಷವೂ ಬೇರುಗಳು ಸತ್ತು ಮಣ್ಣಿನಲ್ಲಿ ಕೊಳೆಯಬೇಕು. ಕೊಳೆಸುವ ಕೆಲಸ ಸೂಕ್ಷ್ಮಜೀವಿಗಳದು. ನೆಲ ಹೆಪ್ಪುಗಟ್ಟಿರುವ ತಿಂಗಳುಗಳಲ್ಲಿ ಅವು ಕೆಲಸ ಮಾಡಲಾರವು. ಆದ್ದರಿಂದ ಬೇಸಿಗೆಯಲ್ಲಿ ಬೆಳೆದಷ್ಟು ಜೈವಿಕಾಂಶ ಪೂರ್ತಿಯಾಗಿ ಕರಗಿಹೋಗದೆ ಮಣ್ಣಿನಲ್ಲಿಯೇ ಉಳಿಯುತ್ತ ಬಂತು. ಅಯೋವಾದ ಮಣ್ಣು ಕಾಡಿಗೆಯಂತೆ ಕಪ್ಪಾಗಿರುವುದು ಈ ಕಾರಣದಿಂದ. ಸೋಯಾ ಬೆಳೆಯನ್ನು ತಿನ್ನುವ ಕೆಲವು ದುಂಬಿಗಳೂ ಕಠಿಣವಾದ ಚಳಿಗೆ ಸಿಕ್ಕಿ ಬಹುಪಾಲು ಸಾಯುತ್ತವೆ. ಜನರ ಕೈಕಾಲನ್ನು ಮರಗಟ್ಟಿಸುವ ಗಾಳಿಯೇ ನೆಲದ ಸಾರವನ್ನು ಕಾದಿಟ್ಟಿದೆ.

ವಸಂತ: ಬಿತ್ತನೆಯ ಲೆಕ್ಕ

ಮಾರ್ಚ್ ಕಳೆಯುತ್ತಿದ್ದಂತೆ ಸೂರ್ಯ ಮೇಲೇರುತ್ತಾನೆ. ದಕ್ಷಿಣದ ಗಾಳಿ ಬಲಗೊಳ್ಳುತ್ತದೆ. ಆದರೆ ಉತ್ತರದ ಗಾಳಿ ಒಮ್ಮೆಗೇ ಹಿಂದೆಗೆಯುವುದಿಲ್ಲ. ಒಂದು ವಾರ ಬೆಚ್ಚಗಿದ್ದು ಮರುವಾರವೇ ಹಿಮ ಬೀಳುವುದುಂಟು. ಏಪ್ರಿಲ್ ಕಡೆಯ ಭಾಗದಲ್ಲಿಯೋ ಮೇ ಮೊದಲ ಭಾಗದಲ್ಲಿಯೋ ಇಬ್ಬನಿ ಹೆಪ್ಪುಗಟ್ಟುವ ಕೊನೆಯ ರಾತ್ರಿ ಬರುತ್ತದೆ. ಸೆಪ್ಟೆಂಬರಿನ ಕೊನೆಗೋ ಅಕ್ಟೋಬರಿನ ಆರಂಭಕ್ಕೋ ಅಂಥ ರಾತ್ರಿ ಮತ್ತೆ ಕಾಣಿಸಿಕೊಳ್ಳುತ್ತದೆ. ನಡುವಣ ಸುಮಾರು ಐದು ತಿಂಗಳು ಮಾತ್ರ ಬೆಳೆಗೆ ದಕ್ಕುವ ಕಾಲ. ಬೆಂಟನ್ನಿನ ರೈತನ ವರ್ಷವೆಲ್ಲ ಈ ಎರಡು ರಾತ್ರಿಗಳ ನಡುವೆ ಅಡಗಿದೆ.

ಮುಸುಕಿನ ಜೋಳದ ಬೀಜ ಚೆನ್ನಾಗಿ ಮೊಳೆಯಬೇಕಾದರೆ ಮಣ್ಣು ಸುಮಾರು 10 ಡಿಗ್ರಿಯಾದರೂ ಬೆಚ್ಚಗಿರಬೇಕು. ಆ ಮೇಲೆ ಬೆಳೆಯ ವಯಸ್ಸನ್ನು ಬರಿಯ ದಿನಗಳಿಂದ ಎಣಿಸಿದರೆ ಸಾಲದು. ದೊರೆತ ಶಾಖದಿಂದ ಎಣಿಸಬೇಕು. ದಿನದ ಗರಿಷ್ಠ ಕನಿಷ್ಠ ಉಷ್ಣತೆಗಳ ಸರಾಸರಿ ತೆಗೆದು ಅದರಲ್ಲಿ 10ನ್ನು ಕಳೆಯುವುದು ಕ್ರಮ. ಹಗಲು 28, ರಾತ್ರಿ 16 ಡಿಗ್ರಿಯಿದ್ದರೆ ಸರಾಸರಿ 22. ಹತ್ತು ಕಳೆದರೆ ಹನ್ನೆರಡು. ಆ ದಿನ ಬೆಳೆಯ ಖಾತೆಗೆ ಹನ್ನೆರಡು ಶಾಖಾಂಶ ಜಮೆಯಾಯಿತು. ಉಷ್ಣತೆ 30 ಡಿಗ್ರಿಯನ್ನು ಮೀರಿದರೆ ಮೀರಿದ ಭಾಗವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಏಕೆಂದರೆ ಅದರಿಂದ ಗಿಡಕ್ಕೆ ಪ್ರಯೋಜನವಿಲ್ಲ. ಅಲ್ಲಿ ಬಿತ್ತುವ ಸಾಮಾನ್ಯ ತಳಿಗಳಿಗೆ ತೆನೆ ಮಾಗುವವರೆಗೆ ಇಂಥ ಸುಮಾರು 1,500 ಅಂಶಗಳು ಕೂಡಬೇಕು. ಬೇಗ ಬಿತ್ತಿದರೆ ಮೊಳಕೆ ಚಳಿಗೆ ಸಿಕ್ಕೀತು. ತಡಮಾಡಿದರೆ ಖಾತೆ ತುಂಬುವ ಮೊದಲೇ ಶರತ್ಕಾಲದ ಚಳಿ ಬಂದೀತು. ಮೇಲಾಗಿ ವಸಂತದಲ್ಲಿ ಮಳೆಯೂ ಉಂಟು. ನೆನೆದ ಮಣ್ಣಿನಲ್ಲಿ ಟ್ರ್ಯಾಕ್ಟರ್ ಇಳಿಸುವಂತಿಲ್ಲ. ಮಳೆ ಬಿಡುವು ಕೊಟ್ಟ ಕೆಲವೇ ದಿನಗಳಲ್ಲಿ ಹಗಲಿರುಳೆನ್ನದೆ ಬಿತ್ತಿ ಮುಗಿಸಬೇಕು.

ಬೇಸಿಗೆ: ರಾತ್ರಿಯ ಮಳೆ

ಜೂನ್, ಜುಲೈ, ಆಗಸ್ಟ್ ದಕ್ಷಿಣದ ಗಾಳಿಯ ಕಾಲ. ವರ್ಷವಿಡೀ ಬೀಳುವ ಸುಮಾರು 900 ಮಿಲಿಮೀಟರು ಮಳೆಯಲ್ಲಿ ದೊಡ್ಡ ಪಾಲು ಬೆಳೆ ಹೊಲದಲ್ಲಿರುವ ತಿಂಗಳುಗಳಲ್ಲಿಯೇ ಬೀಳುತ್ತದೆ. ಜಗತ್ತಿನ ಎಷ್ಟೋ ಒಣನೆಲಗಳಿಗೆ ಇಲ್ಲದ ಭಾಗ್ಯವಿದು. ನೀರಾವರಿ ಕಾಲುವೆಗಳಿಲ್ಲದೆಯೇ ಅಲ್ಲಿ ಬೆಳೆ ಬರುವುದು ಇದರಿಂದಲೇ.

ಈ ಮಳೆಯ ಬಹುಭಾಗ ರಾತ್ರಿಯ ಹೊತ್ತು ಸುರಿಯುತ್ತದೆ. ಬಿಸಿಲಿನಿಂದ ಕಾದ ಗಾಳಿ ಮೇಲೇರಿ ಗುಡುಗುಮಳೆಯಾಗುವುದಾದರೆ ಅದು ಮಧ್ಯಾಹ್ನದ ಮೇಲೆ ಬರಬೇಕು. ರಾತ್ರಿಯಲ್ಲಿ ಏಕೆ ಬರುತ್ತದೆ? ಹಗಲಿನಲ್ಲಿ ನೆಲದ ಮೇಲಿನ ಗಾಳಿ ಕಾದು ಕುದಿಯುವ ಎಸರಿನಂತೆ ಮೇಲೆ ಕೆಳಗೆ ಕಲೆಸಿಹೋಗುತ್ತಿರುತ್ತದೆ. ನೆಲದ ಘರ್ಷಣೆ ಈ ಕಲಕುವಿಕೆಯ ಮೂಲಕ ಮೇಲಿನ ಪದರಗಳನ್ನೂ ತಲುಪಿ ಅವುಗಳ ವೇಗವನ್ನು ಕುಗ್ಗಿಸುತ್ತದೆ. ಸೂರ್ಯ ಮುಳುಗಿದೊಡನೆ ನೆಲದ ಬಳಿಯ ಗಾಳಿ ತಣ್ಣಗಾಗಿ ನಿಶ್ಚಲವಾಗುತ್ತದೆ, ಕಲಕುವಿಕೆ ನಿಲ್ಲುತ್ತದೆ. ಕೆಲವು ನೂರು ಮೀಟರು ಎತ್ತರದಲ್ಲಿರುವ ಪದರಕ್ಕೆ ಆಗ ಘರ್ಷಣೆಯ ಹಿಡಿತ ತಪ್ಪುತ್ತದೆ. ಹಿಡಿತ ತಪ್ಪಿದ ಗಾಳಿ ದಕ್ಷಿಣದಿಂದ ಉತ್ತರಕ್ಕೆ ಹೊಳೆಯಂತೆ ರಭಸವಾಗಿ ಹರಿಯತೊಡಗುತ್ತದೆ. ಈ ರಾತ್ರಿಹೊಳೆ ಮೆಕ್ಸಿಕೋ ಕೊಲ್ಲಿಯ ನೀರಾವಿಯನ್ನು ಹೊತ್ತುತಂದು ಅಯೋವಾದ ಮೇಲೆ ಒಟ್ಟುತ್ತದೆ. ರೈತ ಮಲಗಿರುವಾಗ ಅವನ ಹೊಲಕ್ಕೆ ನೀರು ಬರುವುದು ಹೀಗೆ.

ಬಂದ ನೀರನ್ನು ಬೆಳೆಯೂ ಸುಮ್ಮನೆ ಇಟ್ಟುಕೊಳ್ಳುವುದಿಲ್ಲ. ತುಂಬಿ ಬೆಳೆದ ಒಂದು ಎಕರೆ ಮುಸುಕಿನ ಜೋಳ ದಿನವೊಂದಕ್ಕೆ 11,000ದಿಂದ 15,000 ಲೀಟರಿನಷ್ಟು ನೀರನ್ನು ಎಲೆಗಳ ಮೂಲಕ ಆವಿಯಾಗಿ ಬಿಡುತ್ತದೆ. ಲಕ್ಷಾಂತರ ಎಕರೆಗಳು ಹೀಗೆ ಬೆವರುವಾಗ ಜುಲೈ ತಿಂಗಳ ಹವೆ ಕರಾವಳಿಯ ಹವೆಯಂತೆ ಮೈಗೆ ಅಂಟುತ್ತದೆ. ಆವಿಯಾಗುವಾಗ ನೀರು ಶಾಖವನ್ನು ಹೀರಿಕೊಳ್ಳುವುದರಿಂದ ಹಗಲಿನ ಬೇಗೆ ತುಸು ತಗ್ಗುತ್ತದೆ. ತೇವ ಮಾತ್ರ ಹೆಚ್ಚುತ್ತದೆ.

ದಕ್ಷಿಣದ ಗಾಳಿ ತಪ್ಪಿದ ವರ್ಷ ಏನಾಗುತ್ತದೆಂಬುದಕ್ಕೆ 2012 ಸಾಕ್ಷಿ. ಆ ಬೇಸಿಗೆಯಲ್ಲಿ ಮಳೆ ಬಾರದೆ ಅಯೋವಾದ ಸರಾಸರಿ ಇಳುವರಿ ಎಕರೆಗೆ ಸುಮಾರು 44 ಕ್ವಿಂಟಾಲಿನಿಂದ 35 ಕ್ವಿಂಟಾಲಿಗೆ ಇಳಿಯಿತು. ಹೆಚ್ಚು ಬಂದ ವರ್ಷಕ್ಕೆ 2008 ಸಾಕ್ಷಿ. ಆ ವರ್ಷದ ಜೂನಿನಲ್ಲಿ ಸೀಡರ್ ನದಿ ವಿಂಟನ್ನಿಗೆ ನುಗ್ಗಿತು. ಕೆಳಗಿನ ಸೀಡರ್ ರ್ಯಾಪಿಡ್ಸ್ ನಗರದಲ್ಲಿ ಅದುವರೆಗೆ ಪ್ರವಾಹದ ಅತಿ ಹೆಚ್ಚಿನ ಮಟ್ಟ 20 ಅಡಿಯಾಗಿತ್ತು. ಜೂನ್ 13ರಂದು ನೀರು 31 ಅಡಿಯನ್ನು ದಾಟಿತು.

ನೇರವಾಗಿ ಬೀಸುವ ಬಿರುಗಾಳಿ

ಎರಡು ಗಾಳಿಗಳು ಕೂಡುವಲ್ಲಿ ಬಿಡುಗಡೆಯಾಗುವ ಶಕ್ತಿಯ ಪ್ರಮಾಣವನ್ನು ಒಂದು ಸರಳವಾದ ಲೆಕ್ಕದಿಂದ ತಿಳಿಯಬಹುದು. ಬೆಂಟನ್ ಕೌಂಟಿಯ ಮೇಲೆ ಒಂದು ಅಂಗುಲ, ಎಂದರೆ 25 ಮಿಲಿಮೀಟರು, ಮಳೆ ಬಿತ್ತೆಂದು ಭಾವಿಸೋಣ. ಆ ನೀರಿನ ತೂಕ ಸುಮಾರು ನಾಲ್ಕೂವರೆ ಕೋಟಿ ಟನ್ನು. ಒಂದು ಗ್ರಾಂ ನೀರಾವಿ ಹನಿಯಾಗುವಾಗ ಸುಮಾರು 580 ಕ್ಯಾಲೊರಿ ಗುಪ್ತೋಷ್ಣವನ್ನು ಹೊರಗೆಡಹುತ್ತದೆ. ಗುಣಿಸಿ ನೋಡಿದರೆ, ಆ ಒಂದು ಅಂಗುಲ ಮಳೆಯ ಹಿಂದೆ ಇರುವ ಶಾಖ, ನಾವು ವಿದ್ಯುತ್ತನ್ನು ಅಳೆಯುವ ಯೂನಿಟ್ಟಿನಲ್ಲಿ ಹೇಳುವುದಾದರೆ, 3,000 ಕೋಟಿ ಯೂನಿಟ್ಟಿಗೂ ಹೆಚ್ಚು. ಇದರ ಅತಿ ಸಣ್ಣದೊಂದು ಪಾಲು ಗಾಳಿಯ ಚಲನೆಯಾಗಿ ಮಾರ್ಪಟ್ಟರೂ ಮನೆಯ ಮಾಡು ಉಳಿಯುವುದು ಕಷ್ಟ.

2020ನೆಯ ಇಸವಿಯ ಆಗಸ್ಟ್ 10ರಂದು ಆದದ್ದು ಅದೇ. ಅಂದು ಬೆಳಿಗ್ಗೆ ದಕ್ಷಿಣ ಡಕೋಟ ರಾಜ್ಯದ ಆಗ್ನೇಯ ಮೂಲೆಯಲ್ಲಿ ಗುಡುಗುಮೋಡಗಳ ಸಾಲೊಂದು ಹುಟ್ಟಿತು. ಮೋಡದಿಂದ ಬಿದ್ದ ಮಳೆಯಲ್ಲಿ ಸ್ವಲ್ಪ ಭಾಗ ನಡುವಿನ ಒಣಗಾಳಿಯಲ್ಲಿಯೇ ಆವಿಯಾಗಿ ಆ ಗಾಳಿಯನ್ನು ತಣ್ಣಗಾಗಿಸಿತು. ತಣ್ಣಗಾದ ಗಾಳಿ ಭಾರದಿಂದ ಕುಸಿದು ನೆಲಕ್ಕೆ ಬಡಿದು ಮುಂದಕ್ಕೆ ಹರಡಿತು. ಹರಡುತ್ತ ತನ್ನ ಮುಂದಿದ್ದ ತೇವದ ಗಾಳಿಯನ್ನು ನೇಗಿಲು ಮಣ್ಣನ್ನು ಎಬ್ಬಿಸುವಂತೆ ಮೇಲಕ್ಕೆತ್ತಿತು; ಹೊಸ ಮೋಡಗಳು ಹುಟ್ಟಿದವು. ಅವುಗಳಿಂದ ಮತ್ತೆ ಮಳೆ, ಮತ್ತೆ ತಣ್ಣನೆಯ ಗಾಳಿ. ಹೀಗೆ ತನ್ನ ದಾರಿಯನ್ನು ತಾನೇ ಮಾಡಿಕೊಳ್ಳುತ್ತ ಬಿರುಗಾಳಿ 14 ಗಂಟೆಗಳಲ್ಲಿ ಸುಮಾರು 1,240 ಕಿಲೋಮೀಟರು ಸಾಗಿ ಒಹಾಯೊ ರಾಜ್ಯವನ್ನು ಮುಟ್ಟಿತು. ಬೆಂಟನ್ ಕೌಂಟಿಯ ಆಟ್ಕಿನ್ಸ್ ಎಂಬ ಊರಿನ ಬಳಿ ಗಾಳಿಯ ವೇಗ ಗಂಟೆಗೆ 203 ಕಿಲೋಮೀಟರೆಂದು ಉಪಕರಣ ತೋರಿಸಿತು. ಉಕ್ಕಿನ ತಗಡಿನ ಕಣಜಗಳು ಕಾಗದದ ಪೊಟ್ಟಣಗಳಂತೆ ಮುದುಡಿಹೋದವು. ಆಳೆತ್ತರವನ್ನು ಮೀರಿ ನಿಂತು ಕಾಳು ಕಟ್ಟುತ್ತಿದ್ದ ಪೈರು ನೆಲಕಚ್ಚಿತು. ಅಯೋವಾದಲ್ಲಿ ಸುಮಾರು ಎಂಟೂವರೆ ಲಕ್ಷ ಎಕರೆ ಜೋಳ ಆ ವರ್ಷ ಕೊಯ್ಲಿಗೇ ಸಿಗಲಿಲ್ಲ. ಏಪ್ರಿಲಿನಿಂದ ದಿನದಿನವೂ ಜಮೆಯಾಗುತ್ತ ಬಂದಿದ್ದ ಶಾಖದ ಖಾತೆ ಒಂದು ಗಂಟೆಯೊಳಗೆ ಬರಿದಾಯಿತು.

ಇಂಥ ಬಿರುಗಾಳಿಗೆ ‘ಡೆರೆಚೊ’ ಎಂದು ಹೆಸರು. ಸ್ಪ್ಯಾನಿಷ್ ಭಾಷೆಯಲ್ಲಿ ಆ ಮಾತಿಗೆ ನೇರವಾದದ್ದು ಎಂದರ್ಥ. ಈ ಹೆಸರು ಹುಟ್ಟಿದ್ದೂ ಅಯೋವಾದಲ್ಲಿಯೇ. ಕೊಟ್ಟವರು ಭೌತಶಾಸ್ತ್ರದ ಪ್ರಾಧ್ಯಾಪಕರು ಎಂಬುದು ಆ ವಿಷಯವನ್ನೇ ಬೋಧಿಸುವ ನಮಗೆ ಸಂತೋಷದ ಸಂಗತಿ. ಗುಸ್ಟಾವಸ್ ಹಿನ್ರಿಕ್ಸ್ ಎಂಬ ಈ ವಿದ್ವಾಂಸರು 1875ರಲ್ಲಿ ಅಯೋವಾದ ಊರೂರುಗಳಲ್ಲಿ ಸ್ವಯಂಸೇವಕರನ್ನು ಕೂಡಿಸಿ ಹವೆಯನ್ನು ಅಳೆದು ವರದಿ ಕಳುಹಿಸುವ ಏರ್ಪಾಡನ್ನು ಆರಂಭಿಸಿದರು. 1877ರ ಜುಲೈ 31ರಂದು ರಾಜ್ಯವನ್ನು ದಾಟಿಹೋದ ಬಿರುಗಾಳಿಯೊಂದರ ಜಾಡನ್ನು ಇಂಥ ವರದಿಗಳಿಂದ ಭೂಪಟದ ಮೇಲೆ ಗುರುತಿಸಿದರು. ಸುಂಟರಗಾಳಿ ತಿರುಗುತ್ತದೆ, ಇದು ತಿರುಗದೆ ನೇರವಾಗಿ ನುಗ್ಗುತ್ತದೆ. ಎರಡೂ ಬೇರೆ ಎಂಬುದನ್ನು ತೋರಿಸಿ, 1888ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಹೆಸರಿಟ್ಟರು.

ತಕ್ಕಡಿ ವಾಲುತ್ತಿದೆಯೆ?

ಎರಡು ಗಾಳಿಗಳ ತಕ್ಕಡಿ ಇಂದು ಹಿಂದಿನಂತೆಯೇ ಇದೆಯೆ? ಒಂದು ಬಿರುಗಾಳಿಯನ್ನೋ ಒಂದು ಬರಗಾಲವನ್ನೋ ಹಿಡಿದು ಇದಕ್ಕೆ ಉತ್ತರ ಹೇಳುವುದು ಶಾಸ್ತ್ರಸಮ್ಮತವಲ್ಲ. ಆದರೆ ದೀರ್ಘಕಾಲದ ದಾಖಲೆಗಳು ಕೆಲವು ಮಾತುಗಳನ್ನು ಸ್ಪಷ್ಟವಾಗಿ ಹೇಳುತ್ತವೆ. ಕಲ್ಲಿದ್ದಲು, ಎಣ್ಣೆಗಳನ್ನು ಉರಿಸಿದ್ದರಿಂದ ವಾಯುಮಂಡಲದಲ್ಲಿ ಇಂಗಾಲದ ಡೈಆಕ್ಸೈಡು ಹೆಚ್ಚಿ ಭೂಮಿ ಬೆಚ್ಚಗಾಗುತ್ತಿದೆ. ಅಯೋವಾದಲ್ಲಿ ಈ ಏರಿಕೆ ಬೇಸಿಗೆಯ ಮಧ್ಯಾಹ್ನಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಚಳಿಗಾಲದಲ್ಲಿಯೂ ರಾತ್ರಿಗಳಲ್ಲಿಯೂ ಹೆಚ್ಚಾಗಿ ಕಾಣುತ್ತದೆ. ಉಷ್ಣತೆ ಒಂದು ಡಿಗ್ರಿ ಏರಿದರೆ ಗಾಳಿ ಹಿಡಿದಿಡಬಲ್ಲ ನೀರಾವಿ ಸುಮಾರು ನೂರಕ್ಕೆ ಏಳರಷ್ಟು ಹೆಚ್ಚುತ್ತದೆ. ಆದ್ದರಿಂದ ಮಳೆ ಬಂದಾಗ ಬಿರುಸಾಗಿ ಬರುತ್ತದೆ, ವಸಂತದಲ್ಲಿ ಹೆಚ್ಚಾಗಿ ಬರುತ್ತದೆ.

ಇದರ ಫಲ ಹೊಲದಲ್ಲಿ ತೋರುತ್ತದೆ. ಬೆಚ್ಚನೆಯ ರಾತ್ರಿಗಳಲ್ಲಿ ಗಿಡ ಹಗಲು ಗಳಿಸಿದ್ದರಲ್ಲಿ ಹೆಚ್ಚು ಪಾಲನ್ನು ತಾನೇ ಉಸಿರಾಟದಲ್ಲಿ ವ್ಯಯಿಸಿಬಿಡುತ್ತದೆ. ಬೇಗ ಮಾಗಿ ಕಾಳು ತುಂಬುವ ಅವಧಿಯೂ ಕುಗ್ಗುತ್ತದೆ. ವಸಂತದ ಬಿರುಮಳೆ ಬಿತ್ತನೆಯನ್ನು ತಡೆಯುವುದಲ್ಲದೆ ಸಹಸ್ರಾರು ವರ್ಷಗಳ ಚಳಿ ಕಾಪಾಡಿದ ಕಪ್ಪುಮಣ್ಣನ್ನು ನದಿಗೆ ಕೊಚ್ಚಿಹಾಕುತ್ತದೆ. ಚಳಿ ಸಡಿಲವಾದರೆ ದುಂಬಿಗಳು ಬದುಕಿ ಉಳಿಯುತ್ತವೆ. 2021ರ ಡಿಸೆಂಬರ್ 15ರಂದು ಅಯೋವಾದಲ್ಲಿ ಉಷ್ಣತೆ 20 ಡಿಗ್ರಿಯನ್ನು ಮೀರಿತು. ಅದೇ ಸಂಜೆ ಡೆರೆಚೊ ಬೀಸಿತು. ಅಮೆರಿಕದ ದಾಖಲೆಗಳಲ್ಲಿ ಡಿಸೆಂಬರ್ ತಿಂಗಳಿನ ಡೆರೆಚೊ ಅದೇ ಮೊದಲು. ಉತ್ತರದ ಗಾಳಿ ಆಳಬೇಕಾದ ತಿಂಗಳಿನಲ್ಲಿ ಅಂದು ದಕ್ಷಿಣದ ಗಾಳಿ ಆಳಿತು.

ಬೆಂಟನ್ನಿನ ಬದುಕು ಎರಡು ಗಾಳಿಗಳಲ್ಲಿ ಯಾವ ಒಂದನ್ನೂ ಬಿಟ್ಟು ಸಾಗದು. ಉತ್ತರದ್ದು ಬಾರದಿದ್ದರೆ ಮಣ್ಣಿನ ಸಾರ ಉಳಿಯದು. ದಕ್ಷಿಣದ್ದು ಬಾರದಿದ್ದರೆ ಮಳೆಯಿಲ್ಲ. ಅವು ಒಂದನ್ನೊಂದು ಸಂಧಿಸುವ ಕಾಲವೂ ಪ್ರಮಾಣವೂ ಹದವಾಗಿರುವವರೆಗೆ ಅಲ್ಲಿ ಬೆಳೆಯುಂಟು. ಹದ ಎಷ್ಟು ಜರುಗಿದೆಯೆಂಬುದನ್ನು ಊಹೆಯಿಂದ ತಿಳಿಯಲಾಗುವುದಿಲ್ಲ, ಅಳೆದು ತಿಳಿಯಬೇಕು. ಅಮೆರಿಕದ ಹಳ್ಳಿ ಪಟ್ಟಣಗಳಲ್ಲಿ 1890ರಿಂದ ಇಂದಿನವರೆಗೂ ಸಾಮಾನ್ಯ ಗೃಹಸ್ಥರು, ರೈತರು ದಿನವೂ ತಪ್ಪದೆ ಮಳೆಯ ಅಳತೆಯನ್ನೂ ಉಷ್ಣಮಾಪಕದ ಅಂಕಿಯನ್ನೂ ಬರೆದಿಡುತ್ತ ಬಂದಿದ್ದಾರೆ. ಹೆಸರು ಬಯಸದ ಅವರ ಪುಸ್ತಕಗಳು ಇಲ್ಲದಿದ್ದರೆ ನಾವು ಮೇಲೆ ಹೇಳಿದ ಮಾತುಗಳಲ್ಲಿ ಬಹುಪಾಲನ್ನು ಹೇಳುವಂತೆಯೇ ಇರಲಿಲ್ಲ. ಆಕಾಶವನ್ನು ನೋಡಿ ಇಂದಿನ ಹವೆಯನ್ನು ಯಾರಾದರೂ ಹೇಳಬಹುದು. ಋತುಗಳ ನಡೆ ಬದಲಾಯಿತೇ ಎಂಬುದನ್ನು ಹೇಳಲು ಮಾತ್ರ ತಲೆಮಾರುಗಳ ತಾಳ್ಮೆ ಬೇಕು.